ಜಾಲಿಕಾಯಿ ತಿಂದ ಮರಿಗಳು

ಶಿಷ್ಯನೊಬ್ಬ ಗುರುವನ್ನು ಕೇಳಿದ: "ಸ್ವಾಮಿ, ನಾನು ಬಹಳ ದೂರದಿಂದ ಬಂದವನು. ಕಲಿಯುವ ಹಸಿವಿನಿಂದ ಬಂದವನು. ನೀವು ದಿನಕ್ಕೊಂದು ಮಾತು ಹೇಳಿ ಎದ್ದುಬಿಡುತ್ತೀರಿ. ತಿಳಿದದ್ದನ್ನೆಲ್ಲ ಒಂದೇ ಸಲಕ್ಕೆ ಹೇಳಿಬಿಟ್ಟರೆ ಏನಾಗುತ್ತದೆ?"

ಗುರು ಹೇಳಿದರು:

ಬಯಲುಸೀಮೆಯ ಒಂದು ಹಟ್ಟಿಯಲ್ಲಿ ಕ್ಯಾತಪ್ಪ ಎಂಬ ಕುರಿಗಾರನಿದ್ದ. ಅವನ ಹೆಂಡತಿ ಚಿತ್ತಮ್ಮ. ಒಂದು ವರ್ಷ ಅವರು ಕುರಿ ಮೇಯಿಸುತ್ತಿದ್ದ ಕಾವಲಿಗೆ ಬೇಲಿ ಬಿತ್ತು. ಮೇಯಿಸಲು ಬೇರೆ ನೆಲವಿರಲಿಲ್ಲ. ದೊಡ್ಡ ಕುರಿಗಳನ್ನು ಮಾರಿ, ಹಾಲು ಬಿಟ್ಟ ಮರಿಗಳನ್ನು ದೊಡ್ಡಿಯೊಳಗೇ ಕೂಡಿ ಸಾಕುವುದೆಂದು ಇಬ್ಬರೂ ನಿರ್ಧರಿಸಿದರು. ಮುದಿ ಕುರಿಯೊಂದನ್ನು ಯಾರೂ ಕೊಳ್ಳಲಿಲ್ಲ. ಅದು ಮನೆಯಲ್ಲೇ ಉಳಿಯಿತು.

ಕೂಡಿಹಾಕಿದ ಮರಿ ತಾನಾಗಿ ಏನನ್ನೂ ಹುಡುಕಿಕೊಳ್ಳಲಾರದು. ಕೊಟ್ಟರೆ ತಿನ್ನಬೇಕು, ಕೊಡದಿದ್ದರೆ ಅರಚಬೇಕು. ಮೊದಲು ಶೇಂಗಾ ಹೊಟ್ಟಿನ ಜೊತೆ ಮೆಕ್ಕೆಜೋಳದ ನುಚ್ಚು ಹಾಕಿದರು. ಬೇಸಿಗೆ ಬರುವ ಹೊತ್ತಿಗೆ ನುಚ್ಚು ಮುಗಿಯಿತು. ಬರೀ ಹೊಟ್ಟು ತಿಂದ ಮರಿಗಳ ಬೆಳವಣಿಗೆ ನಿಂತಿತು. ಪಕ್ಕೆಲುಬುಗಳು ಕಾಣತೊಡಗಿದವು.

ಹಟ್ಟಿಯ ಆಚೆ ಬಳ್ಳಾರಿ ಜಾಲಿ ಬೆಳೆದಿತ್ತು. ಮುಳ್ಳಿನ ಮರ. ಹೊಲಕ್ಕೆ ನುಗ್ಗುತ್ತದೆಂದು ಊರೆಲ್ಲ ಅದನ್ನು ಬೈಯುತ್ತಿತ್ತು. ಮುದಿ ಕುರಿ ಮಾತ್ರ ಅದರ ಬುಡಕ್ಕೆ ಹೋಗಿ, ಉದುರಿದ ಹಳದಿ ಕಾಯಿ ತಿಂದು, ಅಲ್ಲೇ ಮಲಗಿ ಮೆಲುಕು ಹಾಕುತ್ತಿತ್ತು. ಚಿತ್ತಮ್ಮ ಅದನ್ನು ನೋಡಿದಳು. ಒಂದು ಕಾಯಿ ಮುರಿದು ನಾಲಿಗೆಗೆ ಮುಟ್ಟಿಸಿಕೊಂಡಳು. ಸಿಹಿಯಾಗಿತ್ತು.

ಅವಳು ಕಾಯಿ ಆರಿಸಿ ತಂದಳು. ಬಿಸಿಲಲ್ಲಿ ಒಣಗಿಸಿದಳು. ಒರಳಲ್ಲಿ ಕುಟ್ಟಿ ಪುಡಿ ಮಾಡಿ, ಹೊಟ್ಟಿನ ಜೊತೆ ಮರಿಗೆ ಒಂದು ಹಿಡಿಯಷ್ಟೇ ಬೆರೆಸಿ ಹಾಕಿದಳು. ಮರಿಗಳು ಗೋದಲಿಯನ್ನು ನೆಕ್ಕಿ ತಿಂದವು.

ಅಷ್ಟರಲ್ಲಿ ಅವಳ ಅಣ್ಣನ ಮಗುವಿಗೆ ಹೆಸರಿಡುವ ಕಾರ್ಯ ಬಂತು. ಚಿತ್ತಮ್ಮ ತವರಿಗೆ ಹೊರಟಳು. "ಹಿಡಿಗಿಂತ ಹೆಚ್ಚು ಹಾಕಬ್ಯಾಡಿ. ಅವಕ್ಕೆ ಇನ್ನೂ ಒಗ್ಗಿಲ್ಲ" ಎಂದು ಗಂಡನಿಗೆ ಹೇಳಿಹೋದಳು.

ಸಂಜೆ ಕ್ಯಾತಪ್ಪ ದೊಡ್ಡಿಗೆ ಬಂದ. ಮರಿಗಳು ಅವನ ಕಾಲಿಗೆ ತಲೆ ಒತ್ತಿ ಅರಚಿದವು. ತಾಯಿ ಸತ್ತ ಮರಿಯೊಂದನ್ನು ಅವನು ತೊಡೆಯ ಮೇಲೆ ಮಲಗಿಸಿಕೊಂಡು ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದ. ಅದು ಅವನ ಪಂಚೆಯ ಚುಂಗು ಹಿಡಿದು ಜಗ್ಗಿತು. ಮೂಲೆಯಲ್ಲಿ ಪುಡಿಯ ಮೂಟೆ ತುಂಬಿ ನಿಂತಿತ್ತು. ಇಟ್ಟುಕೊಂಡು ಕೊಡದಿರುವುದು ಅವನಿಂದ ಆಗಲಿಲ್ಲ. ಬುಟ್ಟಿಗಟ್ಟಲೆ ಸುರಿದ. ಮರಿಗಳು ಹೊಟ್ಟೆ ತುಂಬ ತಿಂದವು. ಅವನು ಎದುರಿಗೇ ಕೂತು ನೋಡಿದ. ಎಷ್ಟೋ ದಿನಗಳ ಮೇಲೆ ಅವನ ಮನಸ್ಸು ತಣ್ಣಗಾಗಿತ್ತು.

ಬೆಳಿಗ್ಗೆ ಮರಿಗಳು ಏಳಲಿಲ್ಲ. ಹೊಟ್ಟೆ ಉಬ್ಬಿ ತಮಟೆಯಾಗಿತ್ತು. ಕೆಲವು ಹಲ್ಲು ಕಡಿಯುತ್ತಿದ್ದವು. ತೊಡೆಯ ಮೇಲೆ ಬೆಳೆದ ಮರಿ ಸತ್ತುಹೋಗಿತ್ತು.

ಚಿತ್ತಮ್ಮ ಹಿಂದಿರುಗಿದಾಗ ಕ್ಯಾತಪ್ಪ ಅಂಗಳದಲ್ಲಿ ಬೆಂಕಿ ಹಾಕಿ, ಪುಡಿಯ ಮೂಟೆಯನ್ನು ಅದರ ಕಡೆಗೆ ಎಳೆಯುತ್ತಿದ್ದ. ಅವಳು ದೊಡ್ಡಿಯೊಳಗೆ ಇಣುಕಿ ನೋಡಿದಳು. ಅವಳಿಗೆ ಎಲ್ಲ ತಿಳಿಯಿತು.

"ಸುಡೋದು ಆಮೇಲೆ. ಮೊದಲು ದನದ ಡಾಕ್ಟ್ರನ್ನ ಕರ್ಕಂಡು ಬನ್ನಿ" ಎಂದಳು.

ಡಾಕ್ಟರು ಬಂದರು. ಮರಿಗಳ ಹೊಟ್ಟೆ ತಟ್ಟಿ ನೋಡಿದರು. ಸೋಡಾ ಕಲಸಿದ ನೀರು ಕುಡಿಸಿದರು. ಆಮೇಲೆ ಮುದಿ ಕುರಿಯ ಬಾಯಿಯಿಂದ ಕೊಳವೆ ಇಳಿಸಿ, ಅದರ ಹೊಟ್ಟೆಯ ಹಸಿರು ನೀರನ್ನು ಪಾತ್ರೆಗೆ ಬಸಿದುಕೊಂಡರು. ಬಿಸಿ ಆರದಂತೆ ಬಟ್ಟೆ ಸುತ್ತಿದರು. ಕುರಿಯ ಹಿಕ್ಕೆಯಲ್ಲಿ ಹುಳು ನೋಡಲೆಂದು ಅವರು ಒಂದು ಸೂಕ್ಷ್ಮದರ್ಶಕವನ್ನು ಜೊತೆಗೇ ಒಯ್ಯುತ್ತಿದ್ದರು. ಅದನ್ನು ಜಗಲಿಯ ಮೇಲಿಟ್ಟು, ಸತ್ತ ಮರಿಯ ಹೊಟ್ಟೆಯಿಂದ ತೆಗೆದ ಹನಿಯೊಂದನ್ನು ಅದರ ಕೆಳಗೆ ಇಟ್ಟರು.

"ನೋಡು" ಎಂದರು.

ಕ್ಯಾತಪ್ಪ ಒಂದು ಕಣ್ಣು ಮುಚ್ಚಿ ಬಗ್ಗಿದ. ಕಸದಂಥ ಚೂರುಗಳು ಅಲುಗದೆ ಬಿದ್ದಿದ್ದವು.

ಡಾಕ್ಟರು ಹನಿ ಬದಲಿಸಿದರು. ಮುದಿ ಕುರಿಯ ಹನಿ ಇಟ್ಟರು.

ಕ್ಯಾತಪ್ಪ ಮತ್ತೆ ಬಗ್ಗಿದ. ಹನಿಯ ತುಂಬ ಜೀವಗಳಿದ್ದವು. ದುಂಡಗಿನವು, ನೀಳವಾದವು, ಒಂದನ್ನೊಂದು ದಾಟಿ ಓಡುತ್ತಿದ್ದವು. ಅವನು ತಲೆ ಎತ್ತಿ ಕುರಿಯನ್ನು ನೋಡಿದ. ಅದು ಏನೂ ತಿಳಿಯದಂತೆ ನಿಂತಿತ್ತು. ಇನ್ನೊಮ್ಮೆ ಬಗ್ಗಿದ.

"ಒಂದು ಹನೀಲಿ ಇಷ್ಟಾ ಸಾರ್?"

"ಒಂದು ಹನೀಲಿ. ಹೊಟ್ಟೆ ತುಂಬ ಎಷ್ಟಿರಬಹುದು, ನೀನೇ ಯೋಚಿಸು. ನೀನು ಹಾಕಿದ ಮೇವು ಮೊದಲು ಇವಕ್ಕೆ. ಇವು ಅದನ್ನು ಹದ ಮಾಡಿ ಕೊಟ್ಟರೆ ಕುರಿಗೆ. ಜಾಲಿಕಾಯಿ ಕೆಟ್ಟದ್ದಲ್ಲ. ಒಮ್ಮೆಲೇ ಸಿಹಿ ಸುರಿದೆ, ಒಳಗೆಲ್ಲ ಹುಳಿಯಾಯ್ತು. ಮೊದಲು ಇವು ಸತ್ತವು. ಮರಿ ಆಮೇಲೆ ಸತ್ತಿತು."

ಚಿತ್ತಮ್ಮನೂ ಬಗ್ಗಿ ನೋಡಿದಳು. ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. "ಇವು ಮರಿ ಹೊಟ್ಟೆಗೆ ಎಲ್ಲಿಂದ ಬರ್ತವೆ ಸಾರ್?" ಎಂದು ಕೇಳಿದಳು.

"ತಾಯಿ ಮರಿಯ ಮೂತಿ ನೆಕ್ಕುತ್ತದಲ್ಲಮ್ಮ, ಆಗ ಬರ್ತವೆ. ಆ ತಾಯಿಗೆ ಅದರ ತಾಯಿಯಿಂದ."

ಆ ಗಂಡ ಹೆಂಡತಿಯರ ಅಜ್ಜ ಮುತ್ತಜ್ಜಂದಿರೂ ಕುರಿ ಕಾಯ್ದವರೇ. ಕುರಿಯ ಕಿವಿ, ಗೊರಸು, ಉಣ್ಣೆ ಎಲ್ಲವನ್ನೂ ಬಲ್ಲವರು. ತಾವು ಕಾಯುತ್ತ ಬಂದದ್ದು ಏನನ್ನು ಎಂಬುದು ಅವರಿಗೆ ಆ ಜಗಲಿಯ ಮೇಲೆ ಮೊದಲ ಸಲ ಕಂಡಿತು.

ಡಾಕ್ಟರು ಆ ಬೆಚ್ಚಗಿನ ಹಸಿರು ನೀರನ್ನು ಬಟ್ಟೆಯಲ್ಲಿ ಸೋಸಿ, ಮಲಗಿದ್ದ ಮರಿಗಳಿಗೆಲ್ಲ ಕುಡಿಸಿದರು. ಸಂಜೆಗೆ ಒಂದು ಮರಿ ಎದ್ದು ನಿಂತಿತು. ಮರುದಿನ ಅದರ ದವಡೆ ಅಲುಗಿತು. ಮೆಲುಕು ಹಾಕುತ್ತಿತ್ತು. ಅದರ ಹಿಂದೆ ಉಳಿದವೂ ಎದ್ದವು.

ಚಿತ್ತಮ್ಮ ಮತ್ತೆ ಚಿಟಿಕೆಯಿಂದ ಶುರುಮಾಡಿದಳು. ಚಿಟಿಕೆ ಹಿಡಿಯಾಗಲು ಬಹಳ ದಿನ ಹಿಡಿಯಿತು. ಹಿಡಿ ಬೊಗಸೆಯಾಗಲು ಇನ್ನೂ ಹೆಚ್ಚು ದಿನ ಹಿಡಿಯಿತು. ಹೊಟ್ಟನ್ನು ಮಾತ್ರ ಎಂದೂ ಬಿಡಲಿಲ್ಲ. ಮಳೆ ಹಿಡಿಯುವ ಹೊತ್ತಿಗೆ ಮರಿಗಳ ಬೆನ್ನು ತುಂಬಿ ದುಂಡಗಾಯಿತು. ಜಾಲಿಯನ್ನು ಬೈಯುತ್ತಿದ್ದವರು ಚೀಲ ಹಿಡಿದು ಅದರ ಬುಡಕ್ಕೆ ಬಂದರು.

ಕ್ಯಾತಪ್ಪನಿಗೆ ಒಂದು ಅಭ್ಯಾಸವಾಯಿತು. ಮೇವು ಹಾಕುವ ಮೊದಲು ಒಂದು ಮರಿಯ ಪಕ್ಕೆಗೆ ಕಿವಿಯಿಟ್ಟು ಕೂರುತ್ತಿದ್ದ. ಒಳಗೆ ದೂರದ ಗುಡುಗಿನಂಥ ಸದ್ದು. ಅದು ಕೇಳುವವರೆಗೆ ಉಸಿರು ಬಿಗಿಹಿಡಿಯುತ್ತಿದ್ದ. ಯಾರಾದರೂ ಮಾತಾಡಿಸಿದರೆ ಕೈ ಎತ್ತಿ ಸುಮ್ಮನಿರಿಸುತ್ತಿದ್ದ.

ಗುರು ಕತೆ ನಿಲ್ಲಿಸಿದರು.

ಶಿಷ್ಯ ತಲೆ ತಗ್ಗಿಸಿ ಕೇಳಿದ: "ಹಾಗಾದರೆ ನನಗೆ ಇನ್ನೂ ಅರಗಿಸಿಕೊಳ್ಳುವ ಶಕ್ತಿಯಿಲ್ಲ ಎನ್ನುತ್ತೀರಾ ಸ್ವಾಮಿ?"

ಗುರು ಹೇಳಿದರು: "ಇಲ್ಲಪ್ಪ, ಆ ಹನಿಯ ಜೀವಗಳ ಹಾಗೆ ನಿನ್ನೊಳಗೆ ಕೂತು ಕೇಳುತ್ತಿರುವವರನ್ನು ನಾನಿನ್ನೂ ಕಂಡಿಲ್ಲ, ಅದಕ್ಕೇ ಮೆಲ್ಲಗೆ, ದಿನಕ್ಕೊಂದೇ ಮಾತು ಹೇಳುತ್ತೇನೆ."