ಬೋಳು ಆಕಾಶ

ಹೊಳೆಯ ದಂಡೆಯಲ್ಲಿ ಒಂದು ಮಠ. ಮಠದಲ್ಲಿ ಒಬ್ಬ ಮುದುಕ ಸ್ವಾಮಿಗಳು. ಊರವರಿಗೆಲ್ಲ ಅವರು ಅಜ್ಜಾರು. ಅವರ ಹತ್ತಿರ ಗುರುಪಾದ ಅಂತ ಒಬ್ಬ ಶಿಷ್ಯ.

ಗುರುಪಾದ ಮಠಕ್ಕೆ ಬರುವ ಮೊದಲು ಪೇಟೆಯ ಒಂದು ಫೋಟೋ ಸ್ಟುಡಿಯೋದಲ್ಲಿದ್ದವ. ಎಲ್ಲಾ ಬಿಟ್ಟು ಬಂದೆ ಅನ್ನುತ್ತಿದ್ದ. ಕ್ಯಾಮೆರಾ ಮಾತ್ರ ಬಿಟ್ಟಿರಲಿಲ್ಲ. ಅಜ್ಜಾರೂ ಬಿಡು ಅಂದಿರಲಿಲ್ಲ. ಮಠಕ್ಕೂ ಒಬ್ಬ ಫೋಟೋದವ ಬೇಕಲ್ಲ! ವರ್ಷಕ್ಕೊಂದು ಕ್ಯಾಲೆಂಡರ್ ಆಗಬೇಕು, ಭಕ್ತರ ಫೋನಿಗೆ ದಿನಾ ಬೆಳಗ್ಗೆ ಒಂದು ಚಿತ್ರ ಹೋಗಬೇಕು.

ಅವನಿಗೊಂದು ಚಟವಿತ್ತು. ಚಿತ್ರದಲ್ಲಿ ಆಕಾಶ ಬೋಳಾಗಿದ್ದರೆ ಅವನ ಕೈ ಸುಮ್ಮನಿರುತ್ತಿರಲಿಲ್ಲ. ನಮ್ಮ ಕಡೆಯ ಆಕಾಶವೋ, ವರ್ಷದ ಬಹುಪಾಲು ಬೋಳೇ. ಒಗೆದು ಒಗೆದು ಸವೆದ ಧೋತರದ ಹಾಗೆ. ಗುರುಪಾದ ಚಿತ್ರವನ್ನು ಕಂಪ್ಯೂಟರಿಗೆ ಹಾಕಿ, ಆಕಾಶವನ್ನಷ್ಟೇ ಅಳಿಸಿ, ಆ ಜಾಗದಲ್ಲಿ ಬೇರೊಂದು ಆಕಾಶ ಕೂಡಿಸುತ್ತಿದ್ದ. ಎಲ್ಲೆಲ್ಲಿಯವೋ ಆಕಾಶಗಳನ್ನು ಕೂಡಿಟ್ಟುಕೊಂಡಿದ್ದ ಪುಣ್ಯಾತ್ಮ. ಸಂಜೆಗೆಂಪಿನದು, ಹಿಂಜಿದ ಅರಳೆಯಂಥದು, ಕಾರ್ಮೋಡದ್ದು. ಕಣ್ಣು ಕಿರಿದು ಮಾಡಿ ನೋಡಿದರೂ ಬೆಸುಗೆ ಕಾಣುತ್ತಿರಲಿಲ್ಲ.

ಅಜ್ಜಾರು ಚಿತ್ರ ನೋಡಿ ನಗುತ್ತಿದ್ದರು. ಇವತ್ತು ಯಾವೂರ ಆಕಾಶಪಾ ಅಂತ ಕೆಣಕುತ್ತಿದ್ದರು. ಒಮ್ಮೆ, ಇದನ್ನು ಯಾಕೆ ಮಾಡುತ್ತೀ ಅಂತಲೂ ಕೇಳಿದರು.

"ಬೋಳು ಆಕಾಶ ಏನೂ ಹೇಳಂಗಿಲ್ರಿ ಅಜ್ಜಾರ," ಅಂದ ಗುರುಪಾದ.

ಅಜ್ಜಾರು ಹೂಂ ಅಂದರು.

ಹೊಳೆ ದಾಟಿಸುವವ ಯಮನೂರಪ್ಪ. ಸೇತುವೆ ದೂರ, ಬಸ್ಸು ಹತ್ತಿ ಸುತ್ತಿ ಬಳಸಿ ಹೋಗಬೇಕು. ಹಾಗಾಗಿ ಜನ ಅವನ ಹರಿಗೋಲನ್ನೇ ನೆಚ್ಚಿಕೊಂಡಿದ್ದರು. ಬಿದಿರಿನ ಬುಟ್ಟಿಯಂಥ ದುಂಡನೆಯ ದೋಣಿ, ಒಂದೇ ಹುಟ್ಟು, ಹಿಂದೆ ಮುಂದೆ ಅಂತಿಲ್ಲ. ಅದನ್ನು ನೆಟ್ಟಗೆ ನಡೆಸುವುದು ಎಲ್ಲರ ಕೈಲಾಗುವ ಕೆಲಸವಲ್ಲ.

ಒಂದು ದಿನ ಅವನು ಜನರನ್ನು ಕೂಡಿಸಿಕೊಂಡು ಹೊರಟಿದ್ದ. ದಂಡೆಯ ಮೇಲೆ ಗುರುಪಾದನನ್ನು ಕಂಡು, ನನ್ನದೂ ಒಂದು ತೆಗೆಯಪ್ಪಾ, ನನ್ನ ಮುಖ ನಾನು ನೋಡಿಕೊಳ್ಳುವುದು ಈ ಹೊಳೆಯಲ್ಲೇ ಅಂದ. ಹುಟ್ಟನ್ನು ನೆಟ್ಟಗೆ ಹಿಡಿದು, ಎದೆ ಸೆಟೆಸಿ ನಿಂತ. ಗುರುಪಾದ ತೆಗೆದ.

ಹರಿಗೋಲು ನಡುಹೊಳೆ ಮುಟ್ಟಿತ್ತೋ ಇಲ್ಲವೋ, ಎಲ್ಲಿಂದಲೋ ಗಾಳಿ ಎದ್ದಿತು. ಮಳೆಯಿಲ್ಲ, ಗುಡುಗಿಲ್ಲ, ಬರೀ ಗಾಳಿ. ಹರಿಗೋಲು ಮಗುಚಿತು. ಯಮನೂರಪ್ಪ ಒಬ್ಬೊಬ್ಬರನ್ನೇ ಎಳೆದು ಹೊಳೆಯೊಳಗಿನ ಒಂದು ಬಂಡೆಗೆ ಹತ್ತಿಸಿದ. ಹತ್ತಿದವರೆಲ್ಲ ಉಳಿದರು. ಅವನೇ ಉಳಿಯಲಿಲ್ಲ. ರಟ್ಟೆ ಸೋತುಹೋಗಿರಬೇಕು.

ಆ ದಿನ ಅಜ್ಜಾರು ಬೇರೆ ಊರಿನಲ್ಲಿದ್ದರು. ಸುದ್ದಿ ತಿಳಿದು ಮಣ್ಣು ಕೊಡುವ ಹೊತ್ತಿಗೆ ಬಂದರು.

ಗುರುಪಾದ ಒಬ್ಬನೇ ಕೂತು ಅತ್ತ. ಅವನಿಗೆ ಯಮನೂರಪ್ಪನ ಮೇಲೆ ಜೀವವಿತ್ತು. ಕೊನೆಯ ಚಿತ್ರ ತನ್ನ ಹತ್ತಿರವೇ ಇದೆಯಲ್ಲ, ಅದನ್ನು ದೊಡ್ಡದು ಮಾಡಿಸಿ ಮಠದಲ್ಲಿ ಹಾಕಬೇಕು ಅಂದುಕೊಂಡ. ತೆರೆದು ನೋಡಿದರೆ ಆಕಾಶ ಬೋಳು. ಅಂಥ ಸಾವಿಗೆ ಇಂಥ ಆಕಾಶವಾ ಅನ್ನಿಸಿತು. ತನ್ನ ಸಂಗ್ರಹದಲ್ಲಿ ಎಲ್ಲಕ್ಕಿಂತ ಕರಿಯ ಮೋಡ ಯಾವುದಿತ್ತೋ ಅದನ್ನು ಹುಡುಕಿ ತಂದು ಅವನ ತಲೆಯ ಮೇಲೆ ಕವಿಸಿದ.

ಚಿತ್ರ ಪ್ರಸಾದದ ಪಡಸಾಲೆಯಲ್ಲಿ ಗೋಡೆಗೇರಿತು. ಅಜ್ಜಾರೇ ಹಾರ ಹಾಕಿದರು. ಬಂದವರೆಲ್ಲ ಅದರ ಮುಂದೆ ನಿಂತು ಕಣ್ಣೊರೆಸಿಕೊಂಡರು. ಊಟಕ್ಕೆ ಕೂತಾಗ ಎದುರಿಗೇ ಕಾಣುವ ಗೋಡೆ, ನೋಡದೆ ಯಾರೂ ಏಳುವಂತಿರಲಿಲ್ಲ.

ನೋಡುತ್ತ ನೋಡುತ್ತ ಊರಿನ ಮಾತು ತಿರುಗಿತು. ಮೊದಲು, ಜೀವ ಕೊಟ್ಟು ಜನರನ್ನು ಉಳಿಸಿದ ಅಂದವರೇ ಆಮೇಲೆ, ಇಂಥಾ ಮೋಡ ಕಂಡೂ ಹರಿಗೋಲು ಬಿಟ್ಟನಲ್ಲ ಅನ್ನತೊಡಗಿದರು. ಬಂಡೆ ಹತ್ತಿ ಉಳಿದವರಲ್ಲಿ ಕಿರಾಣಿ ಅಂಗಡಿಯ ಫಕೀರಪ್ಪ ಒಬ್ಬ. ನಾನು ಆಗಲೇ ಬೇಡ ಅಂದಿದ್ದೆ, ಅವನು ಕೇಳಲಿಲ್ಲ ಅಂತ ಅವನು ಅಂಗಡಿಗೆ ಬಂದವರಿಗೆಲ್ಲ ಹೇಳಿದ. ಅವನ ಜೊತೆ ಬದುಕಿ ಬಂದವರೂ ಹೌದು ಹೌದು ಅಂದರು.

ಯಮನೂರಪ್ಪನಿಗೆ ಇದ್ದವಳು ಒಬ್ಬಳೇ ಮಗಳು, ಹುಲಿಗೆಮ್ಮ. ಅಪ್ಪನ ಕೈಯಿಂದಲೇ ಹುಟ್ಟು ಹಿಡಿಯಲು ಕಲಿತವಳು. ಅವಳು ಹರಿಗೋಲು ರಿಪೇರಿ ಮಾಡಿಸಿ ದಂಡೆಗೆ ತಂದು ನಿಂತಳು. ಯಾರೂ ಹತ್ತಲಿಲ್ಲ. ಅವಳ ಕಣ್ಣೆದುರಿಗೇ ಮುಂದೆ ಹೋಗಿ ಬಸ್ಸಿಗೆ ಕಾದರು. ಹರಿಗೋಲು ನಡೆಸುವ ಹಕ್ಕನ್ನು ಬೇರೆ ಮನೆಯವರಿಗೆ ಕೊಡುವ ಮಾತೂ ಎದ್ದಿತು. ಅದಕ್ಕಾಗಿ ಮಠದಲ್ಲಿ ಹಿರಿಯರು ಕೂಡುವುದೆಂದಾಯಿತು.

ಅದರ ಹಿಂದಿನ ದಿನ ಹುಲಿಗೆಮ್ಮ ಅಜ್ಜಾರ ಹತ್ತಿರ ಬಂದಳು. ಹರಿಗೋಲಿನ ಮಾತು ಆಡಲೇ ಇಲ್ಲ. ಅಪ್ಪನಿಗೆ ದೀಪ ಹಚ್ಚಲು ತನ್ನ ಕೈ ಬರುತ್ತಿಲ್ಲ ಅಂದಳು. ಮೋಡ ನೋಡಿ ಹೊಳೆಗೆ ಇಳಿಯಬೇಡ ಅಂತ ತನಗೆ ಕಲಿಸಿದವನು ಅವನೇ. ತನಗೆ ಕಲಿಸಿ ತಾನೇ ಇಳಿದನಾ, ತನ್ನನ್ನು ತಬ್ಬಲಿ ಮಾಡಿದನಾ ಅಂತ ಅವನ ಮೇಲೆ ಸಿಟ್ಟು ಬರುತ್ತದೆ ಅಂದಳು. ಹೇಳಿ ಅತ್ತಳು.

ಅಜ್ಜಾರು ಗುರುಪಾದನನ್ನು ಕರೆಸಿದರು.

"ಅವತ್ತು ದಂಡಿ ಮ್ಯಾಲ ಇದ್ದವ ನೀನು. ಆಕಾಶ ಹೆಂಗಿತ್ತು?"

"ಮೋಡ ಕಟ್ಟಿತ್ರಿ ಅಜ್ಜಾರ. ಕರ್ರಗ," ಅಂದ ಗುರುಪಾದ.

ತಡವರಿಸಲಿಲ್ಲ. ಕೇಳಿದ ಕೂಡಲೇ ಬಂದ ಮಾತು. ಹುಲಿಗೆಮ್ಮನ ಮುಖ ಕಪ್ಪಿಟ್ಟಿತು. ಅವಳು ಅಜ್ಜಾರ ಕಾಲು ಮುಟ್ಟಿ, ಸೆರಗಿನಲ್ಲಿ ಮುಖ ಒರೆಸಿಕೊಂಡು ಹೊರಟುಹೋದಳು.

ಅಜ್ಜಾರು ಎದ್ದು ಪಡಸಾಲೆಗೆ ಹೋಗಿ, ಗೋಡೆಯ ಮೇಲಿನ ಚಿತ್ರವನ್ನು ಹತ್ತಿರದಿಂದ ನೋಡಿದರು. ಆಮೇಲೆ ಗುರುಪಾದನಿಗೆ, ಇದನ್ನು ಇಳಿಸಿಕೊಂಡು ಹೊಳೆಗೆ ಬಾ ಅಂದರು. ಗುರುಪಾದ ಹೊತ್ತು ತಂದ. ಉಸುಕಿನ ಮೇಲೆ ನಿಲ್ಲಿಸಿದ.

"ಮ್ಯಾಲ ನೋಡಬ್ಯಾಡ. ನೀರು ನೋಡು," ಅಂದರು ಅಜ್ಜಾರು.

ಗುರುಪಾದ ನೋಡಿದ. ಚಿತ್ರದಲ್ಲಿ ಹರಿಗೋಲಿನ ಸುತ್ತ ಹೊಳೆ ಬೆಳ್ಳಗಿತ್ತು, ಅಂಚಿನಿಂದ ಅಂಚಿಗೆ.

"ಮೋಡ ಕರಿದು. ಹೊಳಿ ಯಾಕ ಬಿಳಿದೈತಿ?"

ಗುರುಪಾದ ಬಗ್ಗಿ ಆ ನೀರನ್ನೇ ಇನ್ನೊಮ್ಮೆ ನೋಡಿದ. ಕಂಪ್ಯೂಟರಿನ ಮುಂದೆ ತಾನು ಕೂತಿದ್ದು ನೆನಪಾಯಿತು. ಮೋಡದ ಮೇಲೆ ಮೋಡ ತೆಗೆದು ನೋಡಿ, ಇದಲ್ಲ ಅದಲ್ಲ ಅಂತ ಬಿಟ್ಟು, ಕಡೆಗೆ ಇದನ್ನು ಆರಿಸಿದ್ದು ನೆನಪಾಯಿತು. ನೀರನ್ನು ಮುಟ್ಟಬೇಕು ಅಂತ ಅವನಿಗೆ ಹೊಳೆದೇ ಇರಲಿಲ್ಲ. ಚಿತ್ರದ ಮುಂದೆ ಉಸುಕಿನಲ್ಲಿ ಕೂತ.

"ಅಜ್ಜಾರ, ನಾ ಸುಳ್ಳು ಹೇಳಲಿಲ್ರಿ. ನನಗ ಖರೇನ ಮೋಡ ನೆನಪೈತಿ."

"ಅದಕ್ಕ ನನಗ ಹೆದರಿಕಿ ಬಂತು," ಅಂದರು ಅಜ್ಜಾರು.

ಮೊದಲಿನ ಚಿತ್ರ ಇದೆಯಾ ಅಂತ ಕೇಳಿದರು. ಇರಲಿಲ್ಲ. ಬೋಳು ಆಕಾಶ ಇಟ್ಟುಕೊಂಡು ಏನು ಮಾಡುವುದು ಅಂತ ಅವನು ಯಾವಾಗಲೂ ಅಳಿಸಿಬಿಡುತ್ತಿದ್ದ. ಈ ಚಿತ್ರವನ್ನು ಈಗಲೇ ಸುಟ್ಟುಬಿಡುತ್ತೇನೆ ಅಂದ.

"ಗ್ವಾಡಿ ಮ್ಯಾಲಿಂದ ಇಳಿಸಿದಿ. ಮಂದಿ ತಲ್ಯಾಗಿಂದ ಹೆಂಗ ಇಳಸ್ತಿ?"

ಗುರುಪಾದ ಚಿತ್ರ ಹೊತ್ತುಕೊಂಡು ಮಠಕ್ಕೆ ತಿರುಗಿದ.

ಮರುದಿನ ಹಿರಿಯರು ಕೂಡಿದರು. ಹುಲಿಗೆಮ್ಮ ಬಾಗಿಲ ಪಕ್ಕ ನಿಂತಳು. ಗುರುಪಾದ ಎದ್ದು, ಆ ಮೋಡ ತಾನು ಹಚ್ಚಿದ್ದು, ಅವತ್ತು ಆಕಾಶದಲ್ಲಿ ಏನೂ ಇರಲಿಲ್ಲ ಅಂದ. ಹಾರ ಹಾಕಿದವ ನಾನು, ನನಗೂ ಕೇಳಬೇಕು ಅನ್ನಿಸಲಿಲ್ಲ ಅಂತ ಅಜ್ಜಾರೂ ಹೇಳಿದರು.

ಜನ ಬೈದಿದ್ದರೆ ಚೆನ್ನಾಗಿತ್ತು. ಯಾರೂ ಬೈಯಲಿಲ್ಲ. ಯಾಕೆಂದರೆ ಯಾರೂ ನಂಬಲಿಲ್ಲ. ಫಕೀರಪ್ಪ ಮೆತ್ತಗೆ, ಹುಡುಗಿಯ ಮೇಲಿನ ಕರುಣೆಗೆ ಹೀಗೆ ಹೇಳುತ್ತಿದ್ದೀರಿ, ನಿಮ್ಮ ಮನಸ್ಸು ದೊಡ್ಡದು, ಆದರೆ ಮೋಡ ನಾನೇ ಕಣ್ಣಾರೆ ಕಂಡಿದ್ದೇನೆ ಅಂದ. ಉಳಿದವರು ತಲೆಯಾಡಿಸಿದರು.

ಗುರುಪಾದ ಒಳಗೆ ಹೋದ. ಚಿತ್ರ ತಂದು ಅವರ ನಡುವೆ ನೆಲದ ಮೇಲೆ ಮಲಗಿಸಿದ. ಹೆಗಲ ಮೇಲಿನ ವಲ್ಲಿ ತೆಗೆದು ಆಕಾಶದ ಮೇಲೆ ಮುಚ್ಚಿದ. ಕೆಳಗೆ ಯಮನೂರಪ್ಪ, ಹರಿಗೋಲು, ಜನ, ನೀರು ಇಷ್ಟೇ ಉಳಿದವು.

ಹಿರಿಯರು ಬಗ್ಗಿ ನೋಡಿದರು. ನೀರು ಬೆಳ್ಳಗೆ ಮಿಂಚುತ್ತಿತ್ತು. ಹರಿಗೋಲಿನಲ್ಲಿ ಫಕೀರಪ್ಪನೂ ಕೂತಿದ್ದ. ಬಿಳಿ ಬೆಳಕು ಕುಕ್ಕಿ ಕಣ್ಣು ಸಣ್ಣದು ಮಾಡಿದ್ದ, ಹಣೆಗೆ ಕೈ ಅಡ್ಡ ಹಿಡಿದಿದ್ದ. ನಗುತ್ತಿದ್ದ.

ಫಕೀರಪ್ಪ ತನ್ನ ಆ ಕೈಯನ್ನೇ ನೋಡಿದ. ಮೋಡದ ಕೆಳಗೆ ಯಾರು ಹಣೆಗೆ ಕೈ ಹಿಡಿಯುತ್ತಾರೆ? ಅವನು ನೋಡುತ್ತಲೇ ಇದ್ದ. ಆಮೇಲೆ ತಲೆ ಎತ್ತಿ ಹುಲಿಗೆಮ್ಮನ ಕಡೆ ತಿರುಗಿದ.

"ಮೋಡ ಇರಲಿಲ್ಲ," ಅಂದ. "ನಾ ಏನೂ ಹೇಳಿದ್ದಿಲ್ಲ. ಅಂವ ನನ್ನ ರಟ್ಟಿ ಹಿಡಿದು ಬಂಡೆಗಲ್ಲಿಗೆ ನೂಕಿದ. ನಾ ಹತ್ತಿ ತಿರುಗಿ ನೋಡೂದ್ರಾಗ ಅಂವ ಇರಲಿಲ್ಲ. ಅವಂದ ತಪ್ಪು ಅಂದ್ರ ನನಗ ಎದಿ ಹಗುರ ಆಗತಿತ್ತವ್ವಾ, ಹುಲಿಗೆಮ್ಮಾ."

ಹುಲಿಗೆಮ್ಮ ಬಾಗಿಲಿನ ಚೌಕಟ್ಟು ಹಿಡಿದುಕೊಂಡು ಅಲ್ಲೇ ಕೂತಳು. ಅಪ್ಪ ಸತ್ತ ದಿನ ಅತ್ತದ್ದಕ್ಕಿಂತ ಹೆಚ್ಚು ಅತ್ತಳು. ಯಾರೂ ಸುಮ್ಮನಿರು ಅನ್ನಲಿಲ್ಲ.

ಹರಿಗೋಲು ಆ ಮನೆಯಲ್ಲೇ ಇರಲಿ ಅಂದರು ಹಿರಿಯರು. ಅಂದರು ನಿಜ, ಆದರೆ ನಾಳೆ ನಾನು ಹತ್ತುತ್ತೇನೆ ಅಂತ ಒಬ್ಬರೂ ಅನ್ನಲಿಲ್ಲ. ಇಷ್ಟು ದಿನ ಕೂತ ಭಯ ಒಂದು ಮಾತಿಗೆ ಏಳುವುದಿಲ್ಲ.

ಜನ ಹೋದ ಮೇಲೆ ಗುರುಪಾದ, ಮೋಡ ತೆಗೆದು ಬಿಳಿ ಆಕಾಶ ಕೂಡಿಸಿ ಕೊಡುತ್ತೇನೆ, ಅವತ್ತು ಇದ್ದ ಹಾಗೇ ಮಾಡುತ್ತೇನೆ ಅಂತ ಅಜ್ಜಾರಿಗೆ ಹೇಳಿದ.

"ಅದೂ ನೀ ಹಚ್ಚಿದ್ದ ಆಕಾಶನ ಆಕ್ಕೈತಿ," ಅಂದರು ಅಜ್ಜಾರು.

ಕತ್ತರಿ ತರಿಸಿದರು. ಚಿತ್ರದ ಕಟ್ಟು ಬಿಚ್ಚಿ, ಕಾಗದ ತೊಡೆಯ ಮೇಲಿಟ್ಟುಕೊಂಡು, ಯಮನೂರಪ್ಪನ ರುಮಾಲಿನ ಸುತ್ತ, ಹುಟ್ಟಿನ ತುದಿಯ ಸುತ್ತ ನಿಧಾನಕ್ಕೆ ಕತ್ತರಿ ಆಡಿಸಿದರು. ಮುದಿ ಕೈ, ಅಲ್ಲಲ್ಲಿ ಸೊಟ್ಟಾಯಿತು. ಮೋಡ ಕೆಳಗೆ ಬಿತ್ತು. ಉಳಿದದ್ದನ್ನು, ಇನ್ನೂ ಬಾಗಿಲಲ್ಲೇ ಕೂತಿದ್ದ ಹುಲಿಗೆಮ್ಮನ ಕೈಗೆ ಕೊಟ್ಟು, ಮನೆಗೆ ಒಯ್ಯಿ ಅಂದರು.

ಅವಳು ಒಯ್ಯಲಿಲ್ಲ. "ಮಂದಿ ಎಲ್ಲಿ ಮೋಡ ಕಂಡಾರೋ, ಅಲ್ಲೇ ನಮ್ಮಪ್ಪನ್ನ ಕಾಣ್ಲಿರಿ," ಅಂದಳು.

ಚಿತ್ರ ಮತ್ತೆ ಅದೇ ಗೋಡೆಗೇರಿತು. ಯಮನೂರಪ್ಪನ ತಲೆಯ ಮೇಲೆ ಈಗ ಬರೀ ಸುಣ್ಣದ ಗೋಡೆ. ಆ ಸಂಜೆ ಹುಲಿಗೆಮ್ಮನ ಮನೆಯಲ್ಲಿ ದೀಪ ಹತ್ತಿತು.

ಮರುದಿನ ಬೆಳಗ್ಗೆ ಅಜ್ಜಾರು, ಆಚೆ ದಂಡೆಯ ಊರಿಗೆ ಹೋಗಬೇಕು, ನಡೆ ಅಂದರು. ಗುರುಪಾದ ಬಸ್ಸಿನ ಕಡೆ ತಿರುಗಿದ. ಅಜ್ಜಾರು ಹೊಳೆಯ ಕಡೆ ನಡೆದರು.

ದಂಡೆಯ ಮೇಲೆ ಊರಿನವರು ನಿಂತಿದ್ದರು. ಅಂಗಡಿ ತೆರೆಯದೆ ಫಕೀರಪ್ಪನೂ ಬಂದಿದ್ದ. ಹುಲಿಗೆಮ್ಮ ಪಡುವಣಕ್ಕೆ ಮುಖ ಮಾಡಿ ಸ್ವಲ್ಪ ಹೊತ್ತು ನಿಂತಳು. ಒಂದು ಚಿಟಿಕೆ ಮಣ್ಣು ಹಾರಿಸಿ ಗಾಳಿ ನೋಡಿದಳು. ಆಮೇಲೆ ಬರ್ರಿ ಅಂದಳು.

ಅಜ್ಜಾರು ಅವಳ ಹೆಗಲು ಹಿಡಿದು ಹರಿಗೋಲಿಗೆ ಇಳಿದು, ಕಾಲು ಮಡಿಚಿ ಕೂತರು.

ಗುರುಪಾದನ ಕಾಲು ದಂಡೆಯಿಂದ ಏಳಲಿಲ್ಲ. ತಲೆ ಎತ್ತಿ ನೋಡಿದ. ಈ ದಂಡೆಯಿಂದ ಆ ದಂಡೆಯವರೆಗೆ ಬಿಳಿ, ಒಂದು ಕಲೆ ಇಲ್ಲ, ಒಂದು ಹಕ್ಕಿ ಇಲ್ಲ. ಅಷ್ಟು ಹೊತ್ತು ಅವನು ಬೋಳು ಆಕಾಶವನ್ನು ಯಾವತ್ತೂ ನೋಡಿರಲಿಲ್ಲ. ಅವನಿಗೆ ನಿಜವಾಗಿಯೂ ಹೆದರಿಕೆಯಾಯಿತು.

"ಅಜ್ಜಾರ, ಆಕಾಶ ಏನೂ ಹೇಳವಲ್ದು," ಅಂದ.

ಅಜ್ಜಾರು ಪಕ್ಕಕ್ಕೆ ಸರಿದು ಅವನಿಗೆ ಜಾಗ ಮಾಡಿದರು.

"ಅವತ್ತು ಯಮನೂರಪ್ಪಗೂ ಏನೂ ಹೇಳಲಿಲ್ಲ. ಬಾ, ಕೂಡು."