ಕೆರೆಯ ಹಾಡಿಗೆ ಕೊಕ್ಕರೆಯ ವಿಮರ್ಶೆ

ಕಾಡಿನ ಒಂದೇ ಕೆರೆಗೆ ಸಿಂಹರಾಜ ಬೇಲಿ ಹಾಕಿಸಿ, ಆಸ್ಥಾನದವರ ಹೊರತು ಯಾರೂ ಅತ್ತ ಸುಳಿಯಕೂಡದೆಂದು ಸಾರಿಸಿದ. ಬಾಯಾರಿದ ಪಿಕಳಾರ ಹಕ್ಕಿ ಅದರ ಮೇಲೆ ಹಾಡು ಕಟ್ಟಿ ಕವಿಗೋಷ್ಠಿಯಲ್ಲಿ ಹಾಡಿತು.

ಅಧ್ಯಕ್ಷ ಕೊಕ್ಕರೆ ಕಣ್ಣುಮುಚ್ಚಿ ತಲೆದೂಗಿತು. "ಪ್ರಾಸ ಸೊಗಸಾಗಿದೆ ತಾಯಿ. ಆದರೆ ಬೇಲಿಯ ಮಾತೇಕೆ? ಅದು ರಾಜಕೀಯ. ನಾವಿಲ್ಲಿ ಸಾಹಿತ್ಯ ಮಾತಾಡೋಣ."

ಪಿಕಳಾರ ನಾಚಿಕೊಂಡು ಬೇಲಿಯ ಸಾಲು ಬಿಟ್ಟು ಹಾಡಿತು.

"ಬಾಯಾರಿಕೆಯೂ ರಾಜಕೀಯವೇ," ಎಂದಿತು ಕೊಕ್ಕರೆ.

ಅದನ್ನೂ ಬಿಟ್ಟಿತು. ಉಳಿದದ್ದು ಬರೀ ಆಲಾಪ.

"ಭೇಷ್! ಇದು ಶುದ್ಧ ಸಾಹಿತ್ಯ!" ಎಂದು ಕೊಕ್ಕರೆ ಗಂಟಲು ಬಿಚ್ಚಿ ಹೊಗಳುವ ಭರದಲ್ಲಿ, ಒಳಗಿದ್ದ ಹಸಿಮೀನೊಂದು ಜಾರಿ ಸಭೆಯ ನಡುವೆ ಬಿತ್ತು.

"ಸ್ವಾಮೀ, ಈ ಮೀನು ಯಾವ ಕೆರೆಯದು?" ಎಂದಿತು ಪಿಕಳಾರ.

ಗೋಷ್ಠಿ ಮುಗಿಯಿತೆಂದು ಕೊಕ್ಕರೆ ಅವಸರದಿಂದ ಘೋಷಿಸಿತು. ಪಿಕಳಾರ ಬೇಲಿಯ ಸಾಲಿನಿಂದಲೇ ಮತ್ತೆ ಹಾಡತೊಡಗಿತು. ಯಾರೂ ಎದ್ದು ಹೋಗಲಿಲ್ಲ.