ಬೋರ್ಡಿನ ಎರಡು ಸಾಲು

ನಮ್ಮೂರ ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಒಬ್ಬ ಸಪ್ಲೈಯರ್ ಇದ್ದಾನೆ. ಹನ್ನೊಂದು ವರ್ಷದಿಂದ ದೋಸೆ ತಂದುಕೊಡುತ್ತಿದ್ದಾನೆ. ಮುತ್ತಿನಂಥ ಅಕ್ಷರ ಅವನದು. ಬಾಗಿಲ ಬೋರ್ಡಿನ ಮೇಲೆ ಆವತ್ತಿನ ತಿಂಡಿ ಬರೆಯುವವನೂ ಅವನೇ.

ಒಂದು ದಿನ ಸಂಬಳ ಹೆಚ್ಚು ಮಾಡಿ ಎಂದು ಕೇಳಿದ. ಯಜಮಾನರಾದ ಕೆದಿಲಾಯರು ಗಲ್ಲಾಪೆಟ್ಟಿಗೆಯಿಂದ ತಲೆ ಎತ್ತಲಿಲ್ಲ.

"ಟಿಪ್ಸ್ ಬರುತ್ತಲ್ಲ ಮಾರಾಯ, ಅದು ಸಾಲದಾ? ಇನ್ನೊಮ್ಮೆ ಕೇಳಿದರೆ ಬೇರೆ ಕಡೆ ನೋಡ್ಕೋ."

ಮರುದಿನ ಬೆಳಿಗ್ಗೆ ಬೋರ್ಡಿನಲ್ಲಿ ಉಪ್ಪಿಟ್ಟಿನ ಕೆಳಗೆ ಎರಡು ಸಾಲು ಹೆಚ್ಚಿಗೆ ಇದ್ದವು. "ದಯವಿಟ್ಟು ಟಿಪ್ಸ್ ಕೊಡಬೇಡಿ. ನಮ್ಮ ಯಜಮಾನರು ಕೈತುಂಬ ಸಂಬಳ ಕೊಡುತ್ತಾರೆ."

ತಿಂಡಿ ತಿಂದವರೆಲ್ಲ ಗಲ್ಲಾದ ಮುಂದೆ ನಿಂತು ಕೈಮುಗಿದರು. "ಧರ್ಮಾತ್ಮರು ನೀವು!" ಎಂದರು. ಕೆದಿಲಾಯರ ಮುಖ ಇಂಗು ತಿಂದ ಮಂಗನಂತಾಯಿತು. ಹೌದೆಂದರೆ ಸಂಬಳ ಕೊಡಬೇಕು. ಅಲ್ಲವೆಂದರೆ ಮರ್ಯಾದೆ ಹೋಗುತ್ತದೆ.

ಮಧ್ಯಾಹ್ನ ನಾನು ಊಟಕ್ಕೆ ಹೋದೆ. ಅಷ್ಟರಲ್ಲಿ ಯಜಮಾನರೇ ಒದ್ದೆ ಬಟ್ಟೆ ಹಿಡಿದು ಎರಡನೇ ಸಾಲನ್ನು ಒರೆಸಿದ್ದರು. ಮೊದಲನೆಯದನ್ನು ಮುಟ್ಟಿರಲಿಲ್ಲ.

ಊಟ ಮುಗಿಸಿ, "ಯಾಕಯ್ಯ, ಅರ್ಧ ಮಾತ್ರ ಅಳಿಸಿದ್ದಾರೆ?" ಎಂದು ಸಪ್ಲೈಯರನ್ನು ಕೇಳಿದೆ.

"ಸತ್ಯವಂತರು ಸಾರ್. ಸುಳ್ಳು ಬರೆದಿದ್ರೆ ಸಹಿಸಲ್ಲ," ಅಂದ.

ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಕೆದಿಲಾಯರನ್ನು ಬಾಯಿಗೆ ಬಂದಂತೆ ಬೈದೆ. ಇಂಥ ಜಿಪುಣನನ್ನು ಎಲ್ಲೂ ಕಂಡಿಲ್ಲ ಎಂದೆ. ಆಮೇಲೆ, ಸೋಂಪಿನ ತಟ್ಟೆಯಲ್ಲಿ ಅವನಿಗೆಂದು ಇಟ್ಟಿದ್ದ ಹತ್ತು ರೂಪಾಯಿ ಎತ್ತಿ ಜೇಬಿಗೆ ಹಾಕಿಕೊಂಡೆ. ಬೋರ್ಡಿನಲ್ಲಿ ಹಾಗೇ ಬರೆದಿತ್ತಲ್ಲ.